ಅವ್ವ ಸಕ್ಕರಿ ಬಿಟ್ಟ ವರ್ಷ

ನಮ್ಮವ್ವನನ್ನು ಕರೆದುಕೊಂಡು ಹೊರಗೆ ಹೊರಟೆವೆಂದರೆ ದಾರಿಯಲ್ಲಿ ಏನಾದರೊಂದು ಆಗಿಯೇ ಆಗುತ್ತಿತ್ತು. ಬಸ್ಸು ಹತ್ತಿದರೆ ಟಿಕೇಟಿಗೆ ಇಷ್ಟು ತೂತು ಯಾಕೆ ಹೊಡೆಯುತ್ತಾರೆ ಅಂತ ಕಂಡಕ್ಟರನನ್ನು ಕೇಳುವಳು. ದವಾಖಾನೆಗೆ ಹೋದರೆ ತನ್ನ ಬ್ಯಾನಿ ಹೇಳುವ ಮೊದಲು ಡಾಕ್ಟರರ ಕೊರಳಿನ ನಳಿಗೆ ಇಸಗೊಂಡು, ಕಿವಿಗೆ ಹಚ್ಚಿಕೊಂಡು, ಅವರದೇ ಎದೆಗಿಟ್ಟು ಕೇಳಿ, "ನಿಮ್ಮದ ಜೋರ ಬಡೀತೈತಲ್ರಿ" ಅಂತ ಅವರಿಗೇ ಗಾಬರಿ ಹುಟ್ಟಿಸುವಳು. ಮನೆಯಲ್ಲಿ ಸುಮ್ಮನೆ ಕೂತರೂ ಬಿಡುತ್ತಿರಲಿಲ್ಲ. ಪ್ರಸಂಗಗಳಿಗೆ ನಮ್ಮ ಮನೆಯ ವಿಳಾಸ ಬಾಯಿಪಾಠ ಆಗಿತ್ತು.

ಆಕೆಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ರಾಮದುರ್ಗ ತಾಲೂಕಿನ ಸಾಲಹಳ್ಳಿ ತವರು. ಬೈಲಹೊಂಗಲದ ಹತ್ತಿರದ ನಮ್ಮ ಹಳ್ಳಿಗೆ ಹದಿನಾರಕ್ಕೆ ಸೊಸೆಯಾಗಿ ಬಂದು, ಎಂಟು ಮಕ್ಕಳನ್ನು ಹಡೆದು, ಆರನ್ನು ಉಳಿಸಿಕೊಂಡು, ಎಂಬತ್ತು ದಾಟಿಸಿಕೊಂಡು ಹೋದಳು. ಆರರಲ್ಲಿ ಐದು ಮಂದಿ ನೆಟ್ಟಗೆ ನಿಂತರು. ಆರನೆಯವ ನಾನು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು, ಕಾಲು ಎತ್ತ ಒಯ್ದರೆ ಅತ್ತ ತಿರುಗಿದವ. ಈಗ ಇದನ್ನೆಲ್ಲ ಬರೆಯುವಾಗ ನಗುವೂ ಬರುತ್ತದೆ. ಇಂಥ ಹೆಣ್ಣುಮಗಳ ಹೊಟ್ಟೆಯಲ್ಲಿ ನಾ ಹುಟ್ಟಿದ್ದೆನೇ ಅಂತ ಮೈಯೂ ಜುಮ್ಮೆನ್ನುತ್ತದೆ.

೧. ಕಾಲು ಎಲ್ಲಿರತಾವ?

ತೊಂಬತ್ತರ ಸುಮಾರಿಗೆ ಮೊದಲನೇ ಸಲ ಹೇಳದೆ ಕೇಳದೆ ಮನೆ ಬಿಟ್ಟು ರಾಮದುರ್ಗಕ್ಕೆ ಹೋದೆ. ಅಲ್ಲಿ ಸೀರೆ ನೇಯುವ ಓಣಿಯಲ್ಲಿ ಒಂದು ತಿಂಗಳು ನೂಲಿನ ಗಂಟು ಹೊತ್ತೆ. ಬೇಸರ ಬಂತು, ಹೊಳ್ಳಿ ಬಂದೆ. ಅಪ್ಪ ಬಾರುಕೋಲು ಎತ್ತಿಕೊಂಡು ಹೊಲಕ್ಕೆ ನಡೆದ. ಅಣ್ಣಂದಿರು ಹಲ್ಲು ಕಡಿಯುತ್ತ ಕಟ್ಟೆಯ ಮೇಲೆ ಕೂತಿದ್ದರು. ಅವ್ವ ತಂಬಿಗೆ ನೀರು ಕೊಟ್ಟು ಎದುರಿಗೆ ಕುಂತಳು. ಅಳುತ್ತಾಳೆ ಅಂದುಕೊಂಡೆ.

"ಏನ್ ನೋಡಿ ಬಂದಿ?" ಅಂದಳು.

"ಮಗ್ಗ ನೋಡಿದೆ."

"ನೇಯಾಂವ ಕುಂತಾಗ ಅವನ ಕಾಲ ಎಲ್ಲಿರತಾವ?"

ನನಗೆ ಗೊತ್ತಿರಲಿಲ್ಲ. ನಾ ನೋಡಿದ್ದು ಸೀರೆಯ ಸೆರಗು, ನೇಕಾರನ ಹೆಂಡತಿ ಕೊಡುತ್ತಿದ್ದ ಚಹಾ, ಇಷ್ಟೇ. "ಕೆಳಗ ಇರತಾವ" ಅಂದೆ.

"ಎಲ್ಲಾರ ಕಾಲೂ ಕೆಳಗ ಇರತಾವ. ನೆಲದ ಮ್ಯಾಲೋ, ತೆಗ್ಗಿನ್ಯಾಗೋ? ತುಳೀತಾನೋ, ಸುಮ್ಮನ ಇಟ್ಟಿರತಾನೋ?"

ಅವ್ವ ಎದ್ದು ಒಳಗೆ ಹೋಗಿ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಅರಿವೆಯಲ್ಲಿ ಕಟ್ಟಿ ತಂದಳು.

"ನೀ ರಾಮದುರ್ಗಕ್ಕ ಹೋಗೇ ಇಲ್ಲ ಬಿಡು. ಹೋಗಿ ನೋಡ್ಕೊಂಡ ಬಾ."

ಓಡಿಹೋದ ಮಗ ಮರಳಿ ಬಂದರೆ ತಾಯಂದಿರು ಬಾಗಿಲು ಹಾಕಿ ಕೂಡಿಸುತ್ತಾರೆ. ನಮ್ಮವ್ವ ಬುತ್ತಿ ಕಟ್ಟಿ ಎರಡನೇ ಸಲ ಓಡಿಸಿದಳು.

೨. ಹೊಲದಾಗ ಇಳಿದ ಪ್ರಯಾಣಿಕ

ಮುಂದೆ ಏಳೆಂಟು ವರ್ಷದ ಮೇಲೆ, ಶ್ರಾವಣದಲ್ಲಿ, ಅವ್ವನನ್ನು ಕರೆದುಕೊಂಡು ಸವದತ್ತಿಗೆ ಹೋಗಿದ್ದೆ. ಗುಡ್ಡಕ್ಕೆ ಹೋಗಿ ಯಲ್ಲಮ್ಮನಿಗೆ ಕೈಮುಗಿದು, ಬೈಲಹೊಂಗಲದ ಬಸ್ಸು ಹಿಡಿದೆವು. ಅವ್ವನ ಉಡಿಯಲ್ಲಿ ಸಕ್ಕರಿ, ಕೊಬ್ಬರಿ ಪ್ರಸಾದ ಇತ್ತು. ಹಿಂದಿನ ಸೀಟಿನಲ್ಲಿ ಚಾಳೀಸು ಹಾಕಿಕೊಂಡ ಒಬ್ಬಾತ ಬಸ್ಸಿಗೆಲ್ಲ ಕೇಳುವಂತೆ ಆರೋಗ್ಯದ ಪಾಠ ಹೇಳುತ್ತಿದ್ದ.

"ಸಕ್ಕರಿ ಅಷ್ಟು ಬೆಳ್ಳಗ ಹೆಂಗ ಆಗತೈತಿ ಗೊತ್ತೇನ್ರಿ? ಎಲುವು! ದನದ ಎಲುವು ಸುಟ್ಟು ಪುಡಿ ಮಾಡಿ, ಅದರಾಗ ಸೋಸತಾರ."

ಅವ್ವ ಗಕ್ಕನೆ ಹೊಳ್ಳಿ ಕುಂತಳು. "ನೀವು ನೋಡೀರೇನ್ರಿ?"

"ನೋಡಬೇಕಂತ ಏನೈತ್ರಿ? ಪೇಪರಿನ್ಯಾಗ ಬಂದಿತ್ತು."

"ಪೇಪರಿನ್ಯಾಗ ಬರದಾಂವ ನೋಡ್ಯಾನೇನ್ರಿ?"

"ಅಂವಗ ಯಾರೋ ತಿಳದಾವ್ರು ಹೇಳಿರತಾರ್ರಿ."

"ತಿಳದಾವ್ರು ನೋಡ್ಯಾರೇನ್ರಿ?"

ಆತ ಚಾಳೀಸು ತೆಗೆದು ಒರೆಸಿದ. ಕಿಟಕಿಯ ಹೊರಗೆ ನೋಡಿದ. ಅವ್ವ ಸೀಟಿನ ಹಿಂಬದಿಗೆ ಗದ್ದ ಊರಿ ಉತ್ತರಕ್ಕೆ ಕಾಯುತ್ತಲೇ ಇದ್ದಳು.

"ಕಂಡಕ್ಟರ್, ಹೋಲ್ಡಾನ್!" ಅಂತ ಒದರಿ ಆತ ಇಳಿದೇಬಿಟ್ಟ. ಅಲ್ಲಿ ಊರೂ ಇರಲಿಲ್ಲ, ಸ್ಟಾಪೂ ಇರಲಿಲ್ಲ. ಎದೆಯೆತ್ತರದ ಜೋಳ ಇತ್ತು.

೩. ಅಜ್ಜಾರ ಹಾಲು

ಆತ ಇಳಿದರೂ ಅವನ ಮಾತು ಇಳಿಯಲಿಲ್ಲ. ನಮ್ಮವ್ವನ ದಿನ ಶುರುವಾಗುವುದೇ ಲಿಂಗಪೂಜೆಯಿಂದ. ಮೈತೊಳೆದುಕೊಂಡು, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಕಡೆಗೆ ನೈವೇದ್ಯಕ್ಕೆ ಒಂದು ಚಿಮಟಿ ಸಕ್ಕರಿ ಎಡಿ ಹಿಡಿಯುವಳು. ಮದುವೆಯಾಗಿ ಬಂದ ಮರುದಿನದಿಂದ ಒಂದು ದಿನವೂ ತಪ್ಪಿರಲಿಲ್ಲ. ಸವದತ್ತಿಯಿಂದ ಬಂದ ಮರುದಿನ ಮುಂಜಾನೆ ಆ ಚಿಮಟಿ ಲಿಂಗದ ಹತ್ತಿರ ಹೋಗಿ ನಿಂತಿತು. ಮುಂದೆ ಹೋಗಲಿಲ್ಲ.

"ಬೆಲ್ಲ ಹಿಡಿ ಬೇ, ಅದಕ್ಕೇನಾತು" ಅಂದೆ.

"ನಾಳಿಂದಕ್ಕ ಬೆಲ್ಲ ಐತೋ ತಮ್ಮಾ. ಹಿಂದಿಂದು? ನಲವತ್ತ ವರ್ಷ ನನ್ನಪ್ಪನ ಬಾಯಾಗ ಏನ್ ಹಾಕೇನಿ ನಾ?"

ಮಕ್ಕಳು ಸತ್ತಾಗ, ಹೌದು, ನನಗಿಂತ ಮೊದಲು ಎರಡು ಕೂಸು ಹೋಗಿದ್ದವಂತೆ, ಆಗಲೂ ಪೂಜೆ ಬಿಡದವಳು ಒಂದು ಚಿಮಟಿ ಸಕ್ಕರಿಯ ಮುಂದೆ ಕೂತು ಕಣ್ಣೊರೆಸಿಕೊಂಡಳು.

ಬೈಲಹೊಂಗಲದಲ್ಲಿ ಒಂದು ಮಠದ ಸ್ವಾಮಿಗಳಿದ್ದರು, ಎಲ್ಲರ ಬಾಯಲ್ಲೂ ಅಜ್ಜಾರು. ಅವರ ಮುಂದೆ ಕರೆದುಕೊಂಡು ಹೋದೆ. ಅಜ್ಜಾರು ಬೆಳ್ಳಿ ಲೋಟದಲ್ಲಿ ಸಕ್ಕರಿ ಹಾಕಿದ ಬಿಸಿಹಾಲು ಹಿಡಿದುಕೊಂಡು ಶಾಂತವಾಗಿ ಎಲ್ಲ ಕೇಳಿದರು.

"ತಂಗೀ, ಭಕ್ತಿಯಿಂದ ಕೊಟ್ಟದ್ದು ಏನಿದ್ದರೂ ಅವಗ ಮುಟ್ಟತೈತಿ" ಅಂದರು.

"ಭಕ್ತಿ ಮುಟ್ಟತೈತ್ರಿ ಅಪ್ಪಾರ, ಅದರ ಚಿಂತಿ ನನಗಿಲ್ಲ. ಅದರ ಬೆನ್ನಿಗೆ ಎಲುವೂ ಮುಟ್ಟತೈತೇನು, ಅದನ್ನ ಹೇಳ್ರಿ."

ಅಜ್ಜಾರು ಕೈಯಲ್ಲಿದ್ದ ಲೋಟವನ್ನು ಸಾವಕಾಶವಾಗಿ ಕೆಳಗಿಟ್ಟರು.

ಅಂದಿನಿಂದ ಮಠದಲ್ಲೂ ಬೆಲ್ಲದ ಹಾಲೇ ಅಂತ ಅವರ ಅಡಿಗೆಯವ ನನ್ನನ್ನು ಕಂಡಾಗಲೆಲ್ಲ ಬೈಯುತ್ತಿದ್ದ. ಕುದಿಯುವ ಹಾಲಿಗೆ ಬೆಲ್ಲ ಹಾಕಿ ಹಾಕಿ ಅವ ದಿನಾ ಎರಡು ಸೇರು ಒಡೆಸುತ್ತಿದ್ದನಂತೆ.

೪. ಸಾಕರಪುಡಾ

ನಮ್ಮ ಕಡೆ ಹೆಣ್ಣು ಗಂಡು ಒಪ್ಪಿಗೆಯಾದರೆ ಹಿರಿಯರ ಮುಂದೆ ಸಕ್ಕರಿಯ ಪೊಟ್ಟಣ ಬದಲಿ ಮಾಡುತ್ತಾರೆ. ಅದಕ್ಕೇ ಸಾಕರಪುಡಾ ಅನ್ನುವುದು. ಸಕ್ಕರಿ ಕೈಗೆ ಬಿದ್ದರೆ ಮಾತು ಗಟ್ಟಿ. ಬೀಳದಿದ್ದರೆ ಎಷ್ಟು ನಕ್ಕು ಮಾತಾಡಿದರೂ ಅದು ಬರೀ ಮಾತು.

ಹಿರಿಯಣ್ಣನ ಮಗಳಿಗೆ ಕಿತ್ತೂರ ಕಡೆಯ ಗಂಡು ಗೊತ್ತಾಗಿತ್ತು. ದಸರೆ ಕಳೆದ ಮೇಲೆ ಬೀಗರು ಒಂದು ಟೆಂಪೋ ತುಂಬ ಬಂದಿಳಿದರು. ಜಮಖಾನೆ ಹಾಸಿತ್ತು, ಸ್ವಾಮಿಗಳು ಕೂತಿದ್ದರು, ನಮ್ಮ ಹುಡುಗಿ ಹೊಸ ಸೀರೆಯಲ್ಲಿ ಬೆವರುತ್ತಿದ್ದಳು. ತಟ್ಟೆ ಮುಂದೆ ಬಂತು. ತಟ್ಟೆಯಲ್ಲಿ ಬೆಲ್ಲ.

ಬೀಗರಲ್ಲಿ ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡರು. "ಇದೇನ್ರಿ? ಬೆಲ್ಲದಪುಡಾ ಅಂತ ಎಲ್ಲೂ ಕೇಳಿಲ್ಲ ನಾವು."

ಅಣ್ಣನ ಮುಖ ಸುಣ್ಣವಾಯಿತು. "ಯವ್ವಾ, ಇವತ್ತೊಂದಿನ" ಅಂತ ಕಣ್ಣಲ್ಲೇ ಬೇಡಿಕೊಂಡ.

"ನನ್ನ ದೇವರಿಗೆ ಕೊಡಲಾರದ್ದನ್ನ ನನ್ನ ಮೊಮ್ಮಗಳ ಕೈಯಾಗ ಹೆಂಗ ಹಾಕಲೋ?" ಅಂದಳು ಅವ್ವ. ಬೀಗರ ಕಡೆಯ ಮುದುಕಿ, ಗಂಡಿನ ಅಜ್ಜಿ, "ಯಾಕ್ರಿ ಅಕ್ಕಾರ?" ಅಂತ ಹತ್ತಿರ ಸರಿದಳು. ಅವ್ವ ಎಲುವಿನ ಸಂಗತಿ ಎಲ್ಲ ಹೇಳಿದಳು. ಮುದುಕಿ ಕೇಳುತ್ತ ಕೇಳುತ್ತ ತಾವು ತಂದಿದ್ದ ಐದು ಕಿಲೋ ಸಕ್ಕರಿಯ ಚೀಲವನ್ನು ಕಾಲಿನಿಂದ ದೂರ ತಳ್ಳಿದಳು. ಎರಡೂ ಕಡೆಯ ಹೆಂಗಸರು ಒಂದಾದರು, ಗಂಡಸರು ಬಾಯಿ ಮುಚ್ಚಿದರು. ಖರೆ ಏನು ಅನ್ನುವುದು ಗೊತ್ತಾಗುವ ತನಕ ಸಾಕರಪುಡಾ ಮುಂದಕ್ಕೆ ಹಾಕಬೇಕು, ನಮ್ಮವ್ವ ನೋಡಿ ಬಂದು ಹೇಳಿದ್ದೇ ಕಡೇ ಮಾತು ಅಂತ ಠರಾವು ಆಯಿತು.

ಟೆಂಪೋ ಹೊರಟಾಗ ಗಂಡು ನನ್ನನ್ನು ಬದಿಗೆ ಕರೆದು ಕಿವಿಯಲ್ಲಿ ಕೇಳಿದ: "ಕಾಕಾ, ಖರೇ ಹೇಳ್ರಿ, ಹುಡಿಗ್ಗಿ ನಾ ಪಸಂದ ಇಲ್ಲೇನು?"

೫. ಅಂಗಿಯ ಸಾಕ್ಷಿ

ಆ ವರ್ಷ ನಾನು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದೆ. ದೀಪಾವಳಿ ಮುಗಿದು ಹಂಗಾಮು ಶುರುವಾದದ್ದೇ ತಡ, ಎಂ.ಕೆ. ಹುಬ್ಬಳ್ಳಿಯ ಸಕ್ಕರಿ ಕಾರ್ಖಾನೆಗೆ ದಿನಕ್ಕೊಂದು ಖೇಪು. ಕಬ್ಬು ಇಳಿಸುವ ಅಂಗಳದ ತನಕ ನನಗೆ ಪರವಾನಗಿ. ಒಳಗೆ ಏನು ನಡೆಯುತ್ತದೆ ನನಗೂ ಗೊತ್ತಿರಲಿಲ್ಲ. ಆದರೆ ಅಣ್ಣ ಕೈಹಿಡಿದು, "ಏನಾರ ಹೇಳೋ ಮಾರಾಯಾ, ಮಗಳ ಲಗ್ನ ನಿಂತೈತಿ" ಅಂದ. ನನಗೂ ಬೆಲ್ಲದ ಚಹಾ ಕುಡಿದು ಸಾಕಾಗಿತ್ತು. ಒಂದು ಸಂಜೆ ಮನೆಗೆ ಬಂದವನೇ, "ಬೇ, ಇವತ್ತ ಕಾರ್ಖಾನಿ ಒಳಗೆಲ್ಲ ತಿರುಗಿ ನೋಡಿದೆ. ಎಲುವಿಲ್ಲ ಗಿಲುವಿಲ್ಲ" ಅಂದೆ.

"ಒಳಗ ಸೆಕಿ ಇರತೈತೇನು?"

"ಭಾಳ ಸೆಕಿ. ಬೆವತು ನೀರಾದೆ."

"ಹಾಲ ಕುದ್ದಂಗ ವಾಸನಿಯೋ, ಗಾಣದಂಗ ವಾಸನಿಯೋ?"

"ಎರಡೂ ಕೂಡಿದ್ದು."

ಅವ್ವ ಎದ್ದು ಬಂದು ನನ್ನ ಅಂಗಿಯನ್ನು ಮೂಗಿಗೆ ಹಿಡಿದಳು. ತೋಳು ಮೂಸಿದಳು, ಕಾಲರು ಮೂಸಿದಳು.

"ಮಿರ್ಚಿ ಭಜಿ" ಅಂದಳು. "ಕಿತ್ತೂರ ಸ್ಟ್ಯಾಂಡಿನ ಹೋಟೆಲ್ಲು. ನಾಳೆ ನಾ ಬರತೇನಿ."

೬. ಕಾರ್ಖಾನಿಯೊಳಗೆ

ಮರುದಿನ ಅರವತ್ತು ಸಮೀಪದ ನಮ್ಮವ್ವ ಇಳಕಲ್ ಸೀರೆಯ ಕಚ್ಚೆ ಬಿಗಿದು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತಳು. ದಾರಿಯುದ್ದಕ್ಕೂ ಗೇರು ಯಾಕೆ, ಕ್ಲಚ್ಚು ಯಾಕೆ. ಕಾರ್ಖಾನೆಗೆ ಮುಟ್ಟುವ ಹೊತ್ತಿಗೆ ನನಗಿಂತ ಚೆನ್ನಾಗಿ ಆಕೆಗೇ ಟ್ರ್ಯಾಕ್ಟರ್ ತಿಳಿದಿತ್ತು.

ಗೇಟಿನವ ತಡೆದ. "ಹೆಣಮಕ್ಕಳನ್ನ ಒಳಗ ಬಿಡೂದಿಲ್ಲ ಯವ್ವಾ."

"ನಾ ಕಳೇ ತಗದು ಬೆಳಸಿದ ಕಬ್ಬು ಒಳಗ ಹೋಗೇತಿ. ಅದು ಏನಾತು ಅಂತ ನಾ ಕೇಳಬಾರದೇನು? ಮಗಳ್ನ ಕೊಟ್ಟ ಮನಿಗೆ ಒಮ್ಮೆರ ಹೋಗಿ ನೋಡಿ ಬರೂದಿಲ್ಲೇನು ನೀವು?"

ಗೇಟಿನವನಿಗೆ ಮೂರು ಹೆಣ್ಣುಮಕ್ಕಳಿದ್ದವಂತೆ. ಅವ ಫೋನು ಎತ್ತಿದ. ಒಳಗಿಂದ ಒಬ್ಬ ಕೆಮಿಸ್ಟ್ ಬಂದ. ಮೈಸೂರು ಕಡೆಯ ಹುಡುಗ, ಬಂದು ಎರಡು ತಿಂಗಳಾಗಿತ್ತು. "ಬನ್ನಿ ಅಮ್ಮ, ನಿಧಾನ, ಮೆಟ್ಟಿಲಿದೆ" ಅಂತ ಕೈ ಹಿಡಿದು ಕರೆದುಕೊಂಡು ಹೋದ.

ಒಳಗೆ ಗದ್ದಲ ಅಂದರೆ ಗದ್ದಲ. ಮನೆಯಷ್ಟು ಎತ್ತರದ ಗಾಣಗಳು ಕಬ್ಬನ್ನು ನುಂಗುತ್ತಿದ್ದವು. ನಾನು ಬೆರಗಾಗಿ ಬಾಯಿ ತೆರೆದು ನಿಂತೆ. ಅವ್ವ ಬಂದ ಕೆಲಸ ಮರೆಯಲಿಲ್ಲ. ಕೆಮಿಸ್ಟನ ಕಿವಿಗೆ ಬಾಯಿಟ್ಟು ಒದರಿದಳು: "ಇದರಾಗ ಎಲುವು ಬರತಾವೇನ್ರಿ?"

ಗದ್ದಲದಲ್ಲಿ ಅವನಿಗೆ ಕೇಳಿಸಿದ್ದು ಎಲೆ.

"ಬರುತ್ತೆ ಅಮ್ಮ!" ಅಂತ ಅವನೂ ಒದರಿದ. "ಎಷ್ಟು ಬೇಡ ಅಂದ್ರೂ ಸ್ವಲ್ಪ ಬಂದೇ ಬರುತ್ತೆ!"

ಅವ್ವ ಅವನ ತೋಳು ಹಿಡಿದುಕೊಂಡಳು. "ಎಲ್ಲಾದರಾಗೂ?"

"ಎಲ್ಲಾ ಲೋಡಲ್ಲೂ ಇರುತ್ತೆ! ಪೂರ್ತಿ ತೆಗೆಯೋಕಾಗಲ್ಲ!"

"ದನದ್ದೇನ್ರೀ?"

"ದನಕ್ಕೇ ಅಮ್ಮ! ದನಕ್ಕೆ ತುಂಬಾ ಒಳ್ಳೇದು, ಚೆನ್ನಾಗಿ ತಿನ್ನುತ್ವೆ!"

ಅವ್ವ ಅಲ್ಲೇ ಕಬ್ಬಿಣದ ಮೆಟ್ಟಿಲ ಮೇಲೆ ಕುಸಿದು ಕೂತಳು. ಎದೆಯ ಮೇಲಿನ ಲಿಂಗವನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ತುಟಿ ಅಲ್ಲಾಡುತ್ತಿದ್ದವು. ನಲವತ್ತು ವರ್ಷದ ತಪ್ಪು ಒಪ್ಪಿಕೊಳ್ಳುತ್ತಿದ್ದಳು ಅಂತ ನನಗೆ ತಿಳಿಯಿತು. ಮೊಮ್ಮಗಳ ಲಗ್ನ ಹೋಗಲಿ, ಈಕೆ ಇನ್ನು ಅನ್ನ ಮುಟ್ಟುವುದಿಲ್ಲ ಅನ್ನಿಸಿತು. ಆದರೆ ದನ ಎಲುವು ತಿನ್ನುತ್ತವೆ ಅನ್ನುವುದು ನನ್ನ ನಾಲ್ಕನೇ ಇಯತ್ತೆಗೂ ದಕ್ಕಲಿಲ್ಲ. ನಾನು ಕೆಮಿಸ್ಟನ ಮುಂದೆ ನಿಂತು, ಪ್ಯಾಂಟು ಮೇಲೆತ್ತಿ, ನನ್ನ ಮೊಣಕಾಲಿನ ಕೆಳಗೆ ಟಕಟಕ ಬಡಿದು ತೋರಿಸಿದೆ. "ಇದರೀ, ಇದು! ಎಲುವು!"

ಅವನಿಗೆ ಆಗ ಹೊಳೆಯಿತು. ಹಣೆ ಬಡಿದುಕೊಂಡು ಅವ್ವನ ಕಡೆ ಬಗ್ಗಿ ಒದರಿದ:

"ಅಯ್ಯೋ, ಮೂಳೆನಾ ಅಮ್ಮ!"

ನಮ್ಮ ಕಡೆ ಮೂಳಿ ಅಂದರೆ ಹೆಂಗಸಿಗೆ ಬೈಯುವ ಕೆಟ್ಟ ಬೈಗುಳ. ಕುಸಿದು ಕೂತ ನಮ್ಮವ್ವ ಸಟ್ಟನೆ ಎದ್ದು ನಿಂತಳು.

"ಯಾರಿಗೆ ಮೂಳಿ ಅಂತೀಯೋ ಭಾಡ್ಯಾ? ಎಲುವು ಹಾಕಿದ್ದಲ್ದ ಬೈತೀ?"

"ಇಲ್ಲ ಅಮ್ಮ, ಮೂಳೆ, ಮೂಳೆ ಇಲ್ಲ ಅಂತ..."

"ಮತ್ತ ಅಂತಾನಲ್ಲೋ!"

ನಾನು ಇಬ್ಬರ ನಡುವೆ ನಿಂತು ಅವನ ಕನ್ನಡದ ಎಲೆ, ಮೂಳೆಗಳನ್ನು ನಮ್ಮ ಕನ್ನಡಕ್ಕೆ ತಿರುವಿ ಹೇಳುವ ಹೊತ್ತಿಗೆ ಗಾಣದವರು ನಾಲ್ಕು ಮಂದಿ ಕೆಲಸ ಬಿಟ್ಟು ನೋಡುತ್ತಿದ್ದರು. ಅವ್ವ ಕಡೆಗೆ ಸೆರಗು ಸರಿಮಾಡಿಕೊಂಡಳು. "ಹಂಗಾದ್ರ ತೋರಸು ನಡೀ. ಬಾಯಿಲೆ ಹೇಳಬ್ಯಾಡ. ಬಾಯಿ ಸರಿ ಇಲ್ಲ ನಿಂದು."

ಅವ ಒಂದೊಂದೇ ತೋರಿಸಿದ. ಕಬ್ಬಿನ ಹಾಲಿಗೆ ಬೀಳುವ ಸುಣ್ಣದ ತಿಳಿ, ಅದರಲ್ಲಿ ಹಾಯಿಸುವ ಗಂಧಕದ ಹೊಗೆ, ತಳಕ್ಕೆ ಕೂರುವ ಮಡ್ಡಿ. ಅವ್ವ ಸುಣ್ಣವನ್ನು ಬೆರಳಿಗೆ ಹಚ್ಚಿ ಉಗುರಿನಿಂದ ತಿಕ್ಕಿ ನೋಡಿದಳು. ಗಂಧಕದ ಹೊಗೆಗೆ ಕೆಮ್ಮಿ ಕಣ್ಣೀರು ಸುರಿಸಿದರೂ ಸರಿಯಲಿಲ್ಲ. ಮಡ್ಡಿಯ ರಾಶಿಯನ್ನು ಕೋಲಿನಿಂದ ಕೆದರಿ ಕೆದರಿ ಎಲುವು ಹುಡುಕಿದಳು. ಯಾವ ಬಾಗಿಲು ಮುಚ್ಚಿದ್ದರೂ "ಇದರ ಹಿಂದ ಏನೈತಿ?" ಅಂದಳು. ಒಂದನ್ನು ತೆಗೆಸಿದರೆ ಒಳಗೆ ಯಾರೋ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಅವನ ಡಬ್ಬಿಯನ್ನೂ ನೋಡಿಯೇ ಮುಂದೆ ಹೋದಳು.

ಕಡೆಗೆ ಗರಗರ ತಿರುಗುವ ದೊಡ್ಡ ಬುಟ್ಟಿಯಂಥ ಯಂತ್ರದ ಮುಂದೆ ನಿಂತೆವು. ಒಳಗೆ ಕೆಂಪುಗಪ್ಪು ರಾಡಿ ಬಿತ್ತು. ಬುಟ್ಟಿ ತಿರುಗಿತು. ಕಪ್ಪೆಲ್ಲ ಹೊರಗೆ ಸಿಡಿದು, ನೋಡನೋಡುತ್ತಿದ್ದ ಹಾಗೆ ಗೋಡೆಗುಂಟ ಬೆಳ್ಳಗೆ ಮೂಡಿತು. ಕೆಮಿಸ್ಟ್ ಒಂದು ಹಿಡಿ ತೆಗೆದು ಅವ್ವನ ಅಂಗೈಗೆ ಹಾಕಿದ. ಬಿಸಿ ಸಕ್ಕರಿ.

ಜನ್ಮದಲ್ಲಿ ಮೊದಲನೇ ಸಲ ನಮ್ಮವ್ವ ಪ್ರಶ್ನೆ ಕೇಳಲಿಲ್ಲ. ಎಡ ಅಂಗೈಯಲ್ಲಿ, ಲಿಂಗ ಇಟ್ಟುಕೊಳ್ಳುವ ಅದೇ ಅಂಗೈಯಲ್ಲಿ, ಸಕ್ಕರಿ ಹಿಡಿದುಕೊಂಡು ನಿಂತೇ ಇದ್ದಳು. ನಾನು ಯಂತ್ರ ನೋಡುವುದು ಬಿಟ್ಟು ಆಕೆಯನ್ನು ನೋಡಿದೆ. ನಾನು ಸುತ್ತಿದ ಊರು ಎಷ್ಟೋ. ಹೀಗೆ ನಿಂತು ನೋಡಿದ್ದು ಒಂದೂ ಇಲ್ಲ.

ಕಚೇರಿಯಲ್ಲಿ ಕೂಡಿಸಿ ಕೆಮಿಸ್ಟ್ ಚಹಾ ತರಿಸಿದ. ಅವನ ಕಪ್ಪಿನಲ್ಲಿ ಬೆಲ್ಲ. "ನಿಜ ಹೇಳ್ತೀನಿ ಅಮ್ಮ, ದಿನಾ ಇದರ ಮಧ್ಯಾನೇ ಇದ್ದು ನಂಗೆ ಸಕ್ಕರೆ ಬೇಜಾರಾಗಿದೆ. ಬೆಲ್ಲಾನೇ ತಿನ್ನೋದು. ಬೆಲ್ಲ ಅಂದ್ರೆ ಶುದ್ಧ."

ಅವ್ವನಿಗೆ ಸಂತೋಷವಾಯಿತು. ಉಪಕಾರ ತೀರಿಸಲು ದಾರಿ ಸಿಕ್ಕಿತು. "ನಮ್ಮೂರಾಗ ಗಾಣ ಐತೋ ತಮ್ಮಾ. ನೀ ನನಗ ಎಲ್ಲಾ ತೋರಿಸಿದಿ, ಬೆಲ್ಲ ಹೆಂಗ ಮಾಡ್ತಾರ ನಾ ಹೇಳತೇನಿ" ಅಂತ ಶುರು ಮಾಡಿದಳು. ಒಂದನ್ನೂ ಮುಚ್ಚಿಡಲಿಲ್ಲ. "ಕೊಪ್ಪರಿಗಿ ಕುದಿಯೂ ಮುಂದ ಜೇನಹುಳ ಬೀಳತಾವ. ತೇಲಿದ್ದು ತೆಗೀತಾರ."

"ಮುಳುಗಿದ್ದು?"

"ಮುಳುಗಿದ್ದು ಯಾರಿಗೆ ಕಾಣತೈತಿ? ಪಾಕ ಬಂತೇನಂತ ಗಾಣದಾಂವ ಬೆರಳ ನೆಕ್ಕಿ ನೋಡ್ತಾನ. ಮತ್ತ ಅದ ಬೆರಳ ಅದ್ದತಾನ. ಆರಿದ ಮ್ಯಾಲ ಬರಿಗಾಲಿಲೆ ಇಳದು ಕೆರೀತಾನ."

"ಕಾಲು ತೊಳ್ಕೊಂಡು ತಾನೆ ಅಮ್ಮ?"

ಅವ್ವ ಪ್ರಾಮಾಣಿಕವಾಗಿ ವಿಚಾರ ಮಾಡಿದಳು. "ಹಬ್ಬ ಇದ್ರ ತೊಳಕೊಂಡಿರತಾನ."

ಹುಡುಗ ಕಪ್ಪನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ದೂರ ಸರಿಸಿದ. ನಾವು ಗೇಟು ದಾಟುವಾಗ ನಮ್ಮವ್ವನಿಗೆ ಸಕ್ಕರಿ ತಿರುಗಿ ಸಿಕ್ಕಿತ್ತು. ಅವನ ಬೆಲ್ಲ ಹೋಗಿತ್ತು.

ಅಣ್ಣ ಅವತ್ತೇ ಸಂಜೆ ಬೀಗರಿಗೆ ಸುದ್ದಿ ಮುಟ್ಟಿಸಿದ. ಮರುದಿನ ಮುಂಜಾನೆ ನಾನು ಬೇಗ ಎದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಅವ್ವ ಪೂಜೆಗೆ ಕೂತಿದ್ದಳು. ಚಿಮಟಿಯಲ್ಲಿ ಸಕ್ಕರಿ ಹಿಡಿದು, ಅಂಗೈಯ ಲಿಂಗಕ್ಕೆ ಬಗ್ಗಿ, ಮನೆಯವರೊಡನೆ ಮಾತಾಡುವ ದನಿಯಲ್ಲೇ ಹೇಳಿದಳು:

"ನಲವತ್ತ ವರ್ಷ ನಂಬಿ ಕೊಟ್ಟಿದ್ದೆ. ಇವತ್ತ ನೋಡಿ ಕೊಡಾಕ್ಹತ್ತೇನಿ. ತಗೋ ನನ್ನಪ್ಪಾ."

ಆಕೆ ಸಕ್ಕರಿ ಎಡಿ ಹಿಡಿದಳು, ಕಣ್ಣು ಮುಚ್ಚಿದಳು. ಒಂದು ಗಳಿಗೆ ಬಿಟ್ಟು ಮತ್ತೆ ತೆರೆದಳು. ಏನೋ ಹೇಳುವುದು ಉಳಿದಿತ್ತು.

"ಎಲುವಿಲ್ಲ. ಎಲಿ ಇರತಾವಂತ. ನೋಡ್ಕೊಂಡ ತಿನ್ನು."